ಸೋ, ದೇರ್‌ಫೋರ್, ಹೆನ್ಸ್, ದಸ್: ಇಂಗ್ಲಿಷಿನಲ್ಲಿ ತೀರ್ಮಾನದ ಪದಗಳನ್ನು ಸರಿಯಾಗಿ ಬಳಸುವುದು ಹೇಗೆ?

'ಇಲ್ಲಿ ದೇರ್‌ಫೋರ್ ಹಾಕ್ಬೇಕಾ, ಹೆನ್ಸ್ ಹಾಕ್ಬೇಕಾ?' ಇಂಗ್ಲಿಷ್ ಬರವಣಿಗೆಯ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ವಿದ್ಯಾರ್ಥಿಗಳು ಕೇಳುತ್ತಾರೆ. ಪಿಎಚ್‌ಡಿ ಪ್ರಬಂಧ ತಿದ್ದುತ್ತಾ ಕೂತವರು ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ, ಈಗ ದಿನವಿಡೀ ಇಂಗ್ಲಿಷಿನಲ್ಲೇ ಈಮೇಲ್ ಕಳಿಸಬೇಕಾದವರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾವ ಪದ ಹಾಕಬೇಕು ಅನ್ನೋದು ನಿಜವಾಗಿ ಮೂರನೆಯ ಪ್ರಶ್ನೆ. ಅದಕ್ಕೂ ಮೊದಲು ಎರಡನ್ನು ಕೇಳಿಕೊಳ್ಳಬೇಕು. ಹಿಂದಿನ ಮಾತಿನಿಂದ ಮುಂದಿನ ಮಾತು ನಿಜವಾಗಿಯೂ ಹೊರಡುತ್ತದೆಯೇ? ನೀವು ಹಾಕುವ ಪದಕ್ಕೆ ಎರಡು ವಾಕ್ಯಗಳನ್ನು ಜೋಡಿಸುವ ಹಕ್ಕು ಇದೆಯೇ? ತಪ್ಪುಗಳು ಜಾಸ್ತಿ ಆಗುವುದು ಈ ಎರಡು ಕಡೆ. ಪದದ ಆಯ್ಕೆಯಲ್ಲಿ ಆಗುವ ತಪ್ಪು ಅಷ್ಟೇನೂ ದೊಡ್ಡದಲ್ಲ.

ಶುರು ಮಾಡೋಕೆ ಜಾಸ್ತಿ ಏನೂ ಬೇಡ. ನೀವೇ ಇಂಗ್ಲಿಷಿನಲ್ಲಿ ಬರೆದ ಒಂದೆರಡು ಪುಟ ಮುಂದೆ ಇಟ್ಟುಕೊಳ್ಳಿ. ಕೈಯಲ್ಲೊಂದು ಪೆನ್ಸಿಲ್ ಇರಲಿ. ಬೇರೆಯವರ ಉದಾಹರಣೆ ಓದುವುದಕ್ಕಿಂತ ನಿಮ್ಮದೇ ಪುಟದ ಮೇಲೆ ಗುರುತು ಹಾಕುತ್ತಾ ಹೋದರೆ ಬೇಗ ಹಿಡಿತಕ್ಕೆ ಬರುತ್ತದೆ.

ಹಂತ 1: ಕಾರಣ ಯಾವುದು, ತೀರ್ಮಾನ ಯಾವುದು ಅಂತ ಗುರುತು ಹಾಕಿ

ಪುಟದಲ್ಲಿ ಎಲ್ಲೆಲ್ಲಿ ಸೋ, ದೇರ್‌ಫೋರ್, ಹೆನ್ಸ್, ದಸ್, ಕಾನ್ಸಿಕ್ವೆಂಟ್ಲಿ, ಆಸ್ ಎ ರಿಸಲ್ಟ್ ಇವೆಯೋ ಅಲ್ಲೆಲ್ಲ ನಿಲ್ಲಿ. ಅದರ ಹಿಂದಿನ ಮಾತಿನ ಪಕ್ಕ 'ಕಾ' ಅಂತ, ಮುಂದಿನ ಮಾತಿನ ಪಕ್ಕ 'ತೀ' ಅಂತ ಬರೆಯಿರಿ. ಆಮೇಲೆ 'ತೀ' ಇರುವ ಮಾತಿಗೆ ಒಂದು ಪ್ರಶ್ನೆ ಹಾಕಿ: 'ಹಾಗಂತ ಹೇಗೆ ಹೇಳ್ತೀರಿ?' ಅಥವಾ 'ಯಾಕೆ ಹಾಗಾಯ್ತು?' ಇದಕ್ಕೆ 'ಕಾ' ಇರುವ ಮಾತು ಉತ್ತರ ಕೊಟ್ಟರೆ ಸರಿ. ಕೊಡದಿದ್ದರೆ ನಡುವಿನ ಪದವನ್ನು ಹೊಡೆದು ಹಾಕಿ.

ಒಂದು ಉದಾಹರಣೆ: 'ದ ಕಾಲೇಜ್ ವಾಸ್ ಎಸ್ಟಾಬ್ಲಿಷ್ಡ್ ಇನ್ 1985. ಹೆನ್ಸ್, ಇಟ್ ಹ್ಯಾಸ್ ಎ ಗುಡ್ ಲೈಬ್ರರಿ.' ಒಳ್ಳೆಯ ಲೈಬ್ರರಿ ಇದೆ ಅಂತ ಹೇಗೆ ಹೇಳ್ತೀರಿ? 1985ರಲ್ಲಿ ಶುರುವಾಯಿತು ಅನ್ನೋದು ಉತ್ತರವೇ ಅಲ್ಲ. ಬರೆದವರ ಮನಸ್ಸಿನಲ್ಲಿ ಒಂದು ಮಾತು ಇತ್ತು: ಹಳೆಯ ಕಾಲೇಜಾದ್ದರಿಂದ ವರ್ಷಾನುಗಟ್ಟಲೆ ಪುಸ್ತಕ ಕೂಡಿಬಂದಿವೆ ಅಂತ. ಅದನ್ನು ಪುಟದ ಮೇಲೆ ಇಳಿಸಲಿಲ್ಲ. ಇಂಥ ಬಿಟ್ಟುಹೋದ ಮಾತನ್ನು ತರ್ಕಶಾಸ್ತ್ರದಲ್ಲಿ ಹಿಡನ್ ಪ್ರೆಮಿಸ್ ಅಂತಾರೆ, ಅಂದರೆ ಹೇಳದೇ ಉಳಿದ ಆಧಾರ. ಒಂದೋ ಅದನ್ನು ಬರೆಯಿರಿ, ಇಲ್ಲವೇ ಹೆನ್ಸ್ ತೆಗೆಯಿರಿ.

ಕನ್ನಡದಲ್ಲಿ ಮಾತಾಡುವಾಗ 'ಹಾಗಾಗಿ' ಅನ್ನೋದನ್ನು ನಾವು 'ಆಮೇಲೆ' ಅನ್ನೋ ಅರ್ಥದಲ್ಲೂ ಸುಮ್ನೆ ಬಳಸಿಬಿಡುತ್ತೇವೆ, ಅಲ್ವಾ? ಮಾತು ಮುಂದಕ್ಕೆ ಹೋದರೆ ಸಾಕು. ಅದೇ ಅಭ್ಯಾಸ ಇಂಗ್ಲಿಷ್ ಬರವಣಿಗೆಗೂ ಬಂದಾಗ ತೊಂದರೆ. ಹೆನ್ಸ್ ಅಂತ ಓದಿದ ಕೂಡಲೇ ಓದುಗ 'ಇಲ್ಲೊಂದು ತೀರ್ಮಾನ ಬರುತ್ತೆ' ಅಂತ ಕಾಯುತ್ತಾನೆ.

ಹಂತ 2: ಅದು ಪರಿಣಾಮವೋ, ಊಹೆಯೋ?

ಈ ಹಂತವನ್ನು ಹೆಚ್ಚಿನವರು ದಾಟಿಕೊಂಡು ಹೋಗುತ್ತಾರೆ. ದಯವಿಟ್ಟು ಇಲ್ಲಿ ನಿಧಾನಿಸಿ.

'ರಾತ್ರಿ ಮಳೆ ಬಂತು, ಹಾಗಾಗಿ ಅಂಗಳ ಒದ್ದೆಯಾಯಿತು.' ಇದು ಪರಿಣಾಮ. ಒಂದು ಘಟನೆ ಇನ್ನೊಂದು ಘಟನೆಯನ್ನು ಉಂಟುಮಾಡಿತು.

'ಅಂಗಳ ಒದ್ದೆಯಾಗಿದೆ, ಹಾಗಾದರೆ ರಾತ್ರಿ ಮಳೆ ಬಂದಿರಬೇಕು.' ಇದು ಊಹೆ. ಕಂಡ ಗುರುತಿನಿಂದ ಕಾಣದ ಸಂಗತಿಗೆ ಹೋದದ್ದು. ಅಂಗಳ ಒದ್ದೆಯಾದದ್ದರಿಂದ ಮಳೆ ಬರಲಿಲ್ಲ. ಒದ್ದೆ ಅಂಗಳ ನೋಡಿದ್ದರಿಂದ ನಮಗೆ ಮಳೆಯ ಸುಳಿವು ಸಿಕ್ಕಿತು, ಅಷ್ಟೇ.

ಈಗ ಇಂಗ್ಲಿಷಿಗೆ ಬನ್ನಿ. ಆಸ್ ಎ ರಿಸಲ್ಟ್ ಮತ್ತು ಕಾನ್ಸಿಕ್ವೆಂಟ್ಲಿ ಪರಿಣಾಮದ ಪದಗಳು. 'ಇಟ್ ರೇನ್ಡ್ ಆಲ್ ನೈಟ್. ಆಸ್ ಎ ರಿಸಲ್ಟ್, ದ ಯಾರ್ಡ್ ಈಸ್ ವೆಟ್.' ಇದು ಸರಿ. ಆದರೆ 'ದ ಯಾರ್ಡ್ ಈಸ್ ವೆಟ್. ಆಸ್ ಎ ರಿಸಲ್ಟ್, ಇಟ್ ರೇನ್ಡ್' ಅಂದರೆ ಅಂಗಳವೇ ಮಳೆ ತರಿಸಿತು ಅಂದಂತಾಯಿತು. ಸೋ, ದೇರ್‌ಫೋರ್, ಹೆನ್ಸ್ ಹಾಗಲ್ಲ. ಅವು ಎರಡೂ ಕಡೆಗೆ ಒಗ್ಗುತ್ತವೆ: 'ದ ಯಾರ್ಡ್ ಈಸ್ ವೆಟ್, ಸೋ ಇಟ್ ಮಸ್ಟ್ ಹ್ಯಾವ್ ರೇನ್ಡ್.'

ಆ 'ಮಸ್ಟ್ ಹ್ಯಾವ್' ಗಮನಿಸಿ. ಕನ್ನಡದ 'ಬಂದಿರಬೇಕು' ಮಾಡುವ ಕೆಲಸವನ್ನೇ ಅದು ಮಾಡುತ್ತಿದೆ. ಊಹೆಯ ವಾಕ್ಯದಲ್ಲಿ ಇಂಥದ್ದೊಂದು ಇರಲೇಬೇಕು. ಸುಮ್ನೆ 'ಸೋ ಇಟ್ ರೇನ್ಡ್' ಅಂದರೆ ಓದುವವರಿಗೆ ಎಡವಿದ ಹಾಗೆ ಆಗುತ್ತದೆ.

ಹಂತ 3: ಎಷ್ಟು ಗಟ್ಟಿಯಾಗಿ ಹೇಳಬಹುದು ಅಂತ ಅಳೆಯಿರಿ

ಅದೇ ಅಂಗಳವನ್ನು ಇನ್ನೊಮ್ಮೆ ನೋಡಿ. ಮಳೆಯೇ ಬಂದಿರಬೇಕಾ? ಮನೆಯವರು ಬೆಳಿಗ್ಗೆ ಬೇಗ ಎದ್ದು ನೀರು ಹಾಕಿ ಸಾರಿಸಿ, ರಂಗೋಲಿಗೆ ಅಣಿ ಮಾಡಿರಬಹುದಲ್ಲ? 'ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ' ಅನ್ನೋದು ನಿಜ. ಅದನ್ನು ತಿರುಗಿಸಿ 'ಒದ್ದೆಯಾದರೆ ಮಳೆಯೇ ಬಂದಿದೆ' ಅನ್ನೋ ಹಾಗಿಲ್ಲ. ತರ್ಕಶಾಸ್ತ್ರದಲ್ಲಿ ಈ ತಪ್ಪಿಗೆ ಅಫರ್ಮಿಂಗ್ ದ ಕಾನ್ಸಿಕ್ವೆಂಟ್ ಅಂತಾರೆ, ಅಂದರೆ ಪರಿಣಾಮ ಕಂಡದ್ದಕ್ಕೇ ಕಾರಣವನ್ನು ಖಚಿತ ಮಾಡಿಕೊಳ್ಳುವುದು.

ರಿಪೋರ್ಟುಗಳಲ್ಲಿ ಇದು ಬಹಳ ಸಲ ಕಾಣುತ್ತದೆ. 'ಹನಿ ನೀರಾವರಿ ಹಾಕಿದ ವರ್ಷ ಇಳುವರಿ ಹೆಚ್ಚಾಯಿತು. ದೇರ್‌ಫೋರ್, ಹನಿ ನೀರಾವರಿಯಿಂದಲೇ ಇಳುವರಿ ಹೆಚ್ಚಾಯಿತು' ಅಂತ ಬರೆಯುತ್ತಾರೆ. ಆ ವರ್ಷ ಮಳೆ ಚೆನ್ನಾಗಿ ಆಗಿರಬಹುದು. ಬೀಜ ಬದಲಾಗಿರಬಹುದು. ಗೊಬ್ಬರ ಜಾಸ್ತಿ ಹಾಕಿರಬಹುದು. ಅಕ್ಕಪಕ್ಕ ಹನಿ ನೀರಾವರಿ ಇಲ್ಲದ ಹೊಲ ಹೇಗಿತ್ತು ಅಂತ ಹೋಲಿಸಿ ನೋಡದೆ ದೇರ್‌ಫೋರ್ ಹಾಕುವ ಹಕ್ಕು ನಮಗಿಲ್ಲ.

ಇಂಥ ಕಡೆ ಬಳಸೋಕೆ ಇಂಗ್ಲಿಷಿನಲ್ಲಿ ಮೆತ್ತನೆಯ ಪದಗಳಿವೆ. 'ದಿಸ್ ಸಜೆಸ್ಟ್ಸ್ ದಟ್' ಅಂದರೆ ಹೀಗೆ ಇರಬಹುದು ಅಂತ ಸೂಚನೆ ಇದೆ. 'ಇಟ್ ಈಸ್ ದೇರ್‌ಫೋರ್ ಲೈಕ್ಲಿ ದಟ್' ಅಂದರೆ ಸಾಧ್ಯತೆ ಹೆಚ್ಚು. 'ಮೇ ಹ್ಯಾವ್' ಅಂದರೆ ಇದ್ದರೂ ಇರಬಹುದು. ಎಲ್ಲಕ್ಕಿಂತ ಗಟ್ಟಿ 'ಮಸ್ಟ್'. ನಿಮ್ಮ ಹತ್ತಿರ ಇರುವ ಆಧಾರ ಎಷ್ಟೋ ಅಷ್ಟಕ್ಕೆ ಸರಿಯಾದ ಪದ ಆರಿಸಿ. ಮೆತ್ತಗೆ ಬರೆದರೆ ಕೆಲಸ ಚಿಕ್ಕದಾಗಿ ಕಾಣುತ್ತದೆ ಅಂತ ಅಂಜುವವರಿದ್ದಾರೆ. ಪ್ರಬಂಧ ಪರೀಕ್ಷಿಸುವವರು ನೋಡುವುದೇ ಬೇರೆ: ಇವರಿಗೆ ತಮ್ಮ ಡೇಟಾ ಎಲ್ಲಿಯವರೆಗೆ ಹೋಗುತ್ತದೆ ಅಂತ ಗೊತ್ತಿದೆಯೇ ಅಂತ.

ಹಂತ 4: ಈಗ ಪದ ಆರಿಸಿ

ಸೋ: ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು. ಈಮೇಲ್, ಪತ್ರ, ಬ್ಲಾಗ್ ಎಲ್ಲಕ್ಕೂ ಸರಿಹೋಗುತ್ತದೆ. ತುಂಬ ಗಂಭೀರವಾದ ಪ್ರಬಂಧದಲ್ಲಿ ಮಾತ್ರ ಸ್ವಲ್ಪ ಆಡುಮಾತಿನಂತೆ ಕೇಳಿಸುತ್ತದೆ. 'ಸೋ ದಟ್' ಜೊತೆ ಗೊಂದಲ ಮಾಡಿಕೊಳ್ಳಬೇಡಿ. 'ಐ ಲೆಫ್ಟ್ ಅರ್ಲಿ, ಸೋ ಐ ಕಾಟ್ ದ ಬಸ್' ಅಂದರೆ ಬೇಗ ಹೊರಟೆ, ಹಾಗಾಗಿ ಬಸ್ ಸಿಕ್ಕಿತು. 'ಐ ಲೆಫ್ಟ್ ಅರ್ಲಿ ಸೋ ದಟ್ ಐ ಕುಡ್ ಕ್ಯಾಚ್ ದ ಬಸ್' ಅಂದರೆ ಬಸ್ ಸಿಗಲಿ ಅಂತ ಬೇಗ ಹೊರಟೆ. ಸಿಕ್ಕಿತೋ ಇಲ್ಲವೋ ಎರಡನೆಯದರಲ್ಲಿ ಗೊತ್ತಾಗುವುದಿಲ್ಲ. ಮೊದಲನೆಯದರಲ್ಲಿ ಕಾಮಾ ಇದೆ, ಎರಡನೆಯದರಲ್ಲಿ ಇಲ್ಲ.

ದೇರ್‌ಫೋರ್: ವಾದ ಮಾಡಿ ತೀರ್ಮಾನಕ್ಕೆ ಬಂದಾಗ ಬಳಸುವ ಪದ. ಯಾವುದನ್ನು ಹಾಕಬೇಕು ಅಂತ ಅನುಮಾನ ಬಂದರೆ ಔಪಚಾರಿಕ ಬರವಣಿಗೆಯಲ್ಲಿ ಇದನ್ನೇ ಹಾಕಿ, ಕೈಕೊಡುವುದಿಲ್ಲ. ಸ್ಪೆಲಿಂಗಿನಲ್ಲಿ ಕೊನೆಯ 'ಇ' ಅಕ್ಷರ ಬಿಡಬೇಡಿ. ಅದಿಲ್ಲದ ರೂಪ ಕಾನೂನು ಪತ್ರಗಳಲ್ಲಿ ಬರುವ ಬೇರೆಯೇ ಪದ. ಅದರ ಅರ್ಥ 'ಅದಕ್ಕಾಗಿ', 'ಅದಕ್ಕೆ ಬದಲಾಗಿ'. ಗಣಿತದಲ್ಲಿ ಇದಕ್ಕೆ ತ್ರಿಕೋನದಂತೆ ಮೂರು ಚುಕ್ಕಿ ಇಡುತ್ತೇವಲ್ಲ, ಆ ಚಿಹ್ನೆ 1659ರಲ್ಲಿ ಸ್ವಿಸ್ ಗಣಿತಜ್ಞ ಯೊಹಾನ್ ರಾನ್ ಅಚ್ಚು ಹಾಕಿಸಿದ ಬೀಜಗಣಿತದ ಪುಸ್ತಕದಲ್ಲೇ ಇದೆ. ಉತ್ತರಪತ್ರಿಕೆಯ ಲೆಕ್ಕದಲ್ಲಿ ಅದು ಚೆಂದ. ಪೂರ್ಣ ವಾಕ್ಯಗಳ ನಡುವೆ ಮಾತ್ರ ಪದವನ್ನೇ ಬರೆಯಿರಿ.

ಹೆನ್ಸ್: ನಮ್ಮ ಕಡೆ ಅತಿಯಾಗಿ ಬಳಕೆಯಾಗುವುದು ಇದೇ. ತಪ್ಪಲ್ಲ, ಆದರೆ ಬಿಗಿಯಾದ ಪದ. ಸಹೋದ್ಯೋಗಿಗೆ ಬರೆಯುವ ಎರಡು ಸಾಲಿನ ಈಮೇಲಿನಲ್ಲಿ ಇದನ್ನು ಹಾಕಿದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ಇದಕ್ಕೆ ಬೇರೆ ಪದಗಳಿಗಿಲ್ಲದ ಒಂದು ಗುಣ ಇದೆ. ಮುಂದೆ ಕ್ರಿಯಾಪದ ಇಲ್ಲದೆ ಬರೀ ನಾಮಪದ ಇದ್ದರೂ ನಡೆಯುತ್ತದೆ: 'ದ ಟ್ರಕ್ ಬ್ರೋಕ್ ಡೌನ್, ಹೆನ್ಸ್ ದ ಡಿಲೇ.' ಲಾರಿ ಕೆಟ್ಟಿತು, ತಡವಾದದ್ದು ಅದಕ್ಕೇ. ಈ ಜಾಗದಲ್ಲಿ ದೇರ್‌ಫೋರ್ ಹಾಕೋಕೆ ಬರುವುದಿಲ್ಲ. 'ಹೆನ್ಸ್ ವೈ', 'ಹೆನ್ಸ್ ದ ರೀಸನ್' ಅಂತ ಬರೆಯಬೇಡಿ. 'ಏಕೆ' ಅನ್ನೋದು ಹೆನ್ಸ್ ಒಳಗೇ ಇದೆ.

ದಸ್: ಇದಕ್ಕೆ ಎರಡು ಮುಖ. ಒಂದು 'ಆದ್ದರಿಂದ', ಇನ್ನೊಂದು 'ಹೀಗೆ, ಈ ರೀತಿಯಲ್ಲಿ'. ಹಿಂದಿನ ಮಾತು ವಿಧಾನವನ್ನು ಹೇಳಿ ಮುಂದಿನದು ಅದರ ಫಲ ಹೇಳುವಾಗ ಇದು ಚೆನ್ನಾಗಿ ಕೂರುತ್ತದೆ: 'ದ ನ್ಯೂ ಪಂಪ್ ಯೂಸಸ್ ಲೆಸ್ ಪವರ್, ದಸ್ ರೆಡ್ಯೂಸಿಂಗ್ ದ ಬಿಲ್.' ಹೊಸ ಪಂಪು ಕಡಿಮೆ ಕರೆಂಟು ತಿನ್ನುತ್ತದೆ, ಹೀಗೆ ಬಿಲ್ಲು ಕಡಿಮೆ ಮಾಡುತ್ತದೆ. ಹೀಗೆ ಐಎನ್‌ಜಿ ರೂಪದ ಕ್ರಿಯಾಪದವನ್ನು ದಸ್ ಮತ್ತು ದೇರ್‌ಬೈ ಜೊತೆ ಹಾಕಬಹುದು. 'ದೇರ್‌ಫೋರ್ ರೆಡ್ಯೂಸಿಂಗ್' ಅಂತ ಬರೆದರೆ ಕಿವಿಗೆ ಒಡೆಯುತ್ತದೆ. 'ದಸ್ಲಿ' ಅನ್ನೋ ಪದ ಬೇಡ, ದಸ್ ಸಾಕು.

ಅಕಾರ್ಡಿಂಗ್ಲಿ: ತೀರ್ಮಾನಕ್ಕೆ ತಕ್ಕಂತೆ ಕ್ರಮ ತೆಗೆದುಕೊಂಡಾಗ. 'ದ ಕಮಿಟಿ ರಿಜೆಕ್ಟೆಡ್ ದ ಟೆಂಡರ್. ಅಕಾರ್ಡಿಂಗ್ಲಿ, ಎ ನ್ಯೂ ಒನ್ ವಾಸ್ ಇಶ್ಯೂಡ್.' ಒದ್ದೆ ಅಂಗಳದಂಥ ಊಹೆಗೆ ಇದನ್ನು ಬಳಸಬೇಡಿ.

ದೆನ್: 'ಇಫ್' ಜೊತೆಗೆ ಬರುವುದು. ಗಣಿತದಲ್ಲಿ ಬೇಕೇ ಬೇಕು, ಸಾಮಾನ್ಯ ಬರವಣಿಗೆಯಲ್ಲಿ ಬಿಟ್ಟರೂ ನಷ್ಟವಿಲ್ಲ. 'ಇಫ್' ಇಂದ ಶುರುವಾದ ವಾಕ್ಯದ ನಡುವೆ ಸೋ ಅಥವಾ ಹೆನ್ಸ್ ತರಬೇಡಿ.

ಹಂತ 5: ಜೋಡಣೆ ಮತ್ತು ಚಿಹ್ನೆ

ವ್ಯಾಕರಣದ ಎರಡು ಪದ ಇಲ್ಲಿ ಗೊತ್ತಿರಬೇಕು. ಕಂಜಂಕ್ಷನ್ ಅಂದರೆ ಎರಡು ವಾಕ್ಯಗಳನ್ನು ಸೇರಿಸಿ ಒಂದು ಮಾಡುವ ಪದ. ಅಡ್ವರ್ಬ್ ಅಂದರೆ ಕ್ರಿಯಾವಿಶೇಷಣ. ಅದು ವಾಕ್ಯದ ಒಳಗೆ ಕೂತು ಅರ್ಥ ಸೇರಿಸುತ್ತದೆ, ಎರಡು ವಾಕ್ಯಗಳನ್ನು ಸೇರಿಸುವುದಿಲ್ಲ.

ನಮ್ಮ ಪಟ್ಟಿಯಲ್ಲಿ ಸೋ ಒಂದೇ ಕಂಜಂಕ್ಷನ್‌ನಂತೆ ಕೆಲಸ ಮಾಡುತ್ತದೆ. ಅದಕ್ಕೇ ಅದರ ಹಿಂದೆ ಬರೀ ಕಾಮಾ ಸಾಕು. ದೇರ್‌ಫೋರ್, ಹೆನ್ಸ್, ದಸ್, ಕಾನ್ಸಿಕ್ವೆಂಟ್ಲಿ, ಆಸ್ ಎ ರಿಸಲ್ಟ್ ಇವೆಲ್ಲ ಕ್ರಿಯಾವಿಶೇಷಣದ ಗುಂಪು. ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಕಾಮಾ ಇಟ್ಟು ಇವನ್ನು ತುರುಕಿದರೆ ಅದನ್ನು ಕಾಮಾ ಸ್ಪ್ಲೈಸ್ ಅಂತಾರೆ: ಕಾಮಾ ಮಾಡಲಾಗದ ಕೆಲಸವನ್ನು ಕಾಮಾಗೆ ಹೊರಿಸಿದ್ದು.

ತಪ್ಪು: 'ದ ರೋಡ್ ವಾಸ್ ಕ್ಲೋಸ್ಡ್, ದೇರ್‌ಫೋರ್ ವಿ ಟುಕ್ ದ ಟ್ರೈನ್.'

ಇದನ್ನು ಸರಿಪಡಿಸುವ ದಾರಿಗಳು ಹಲವು. ಫುಲ್‌ಸ್ಟಾಪ್ ಇಟ್ಟು ಹೊಸ ವಾಕ್ಯ ಶುರು ಮಾಡಬಹುದು: 'ದ ರೋಡ್ ವಾಸ್ ಕ್ಲೋಸ್ಡ್. ದೇರ್‌ಫೋರ್, ವಿ ಟುಕ್ ದ ಟ್ರೈನ್.' ಸೆಮಿಕೋಲನ್ ಇಡಬಹುದು, ಅಂದರೆ ಮೇಲೆ ಚುಕ್ಕಿ, ಕೆಳಗೆ ಕಾಮಾ ಇರುವ ಚಿಹ್ನೆ: 'ದ ರೋಡ್ ವಾಸ್ ಕ್ಲೋಸ್ಡ್; ದೇರ್‌ಫೋರ್, ವಿ ಟುಕ್ ದ ಟ್ರೈನ್.' ಮುಂದೆ 'ಅಂಡ್' ಸೇರಿಸಿದರೆ ಕಾಮಾ ಸಾಕಾಗುತ್ತದೆ: 'ದ ರೋಡ್ ವಾಸ್ ಕ್ಲೋಸ್ಡ್, ಅಂಡ್ ದೇರ್‌ಫೋರ್ ವಿ ಟುಕ್ ದ ಟ್ರೈನ್.' ಎಲ್ಲಕ್ಕಿಂತ ಸುಲಭ, ಪದವನ್ನೇ ಬದಲಿಸುವುದು: 'ದ ರೋಡ್ ವಾಸ್ ಕ್ಲೋಸ್ಡ್, ಸೋ ವಿ ಟುಕ್ ದ ಟ್ರೈನ್.' ಇಂಥ ಚಿಕ್ಕ ಮಾತಿಗೆ ನಾನಂತೂ ಈ ಕೊನೆಯದನ್ನೇ ಬರೆಯುತ್ತೇನೆ.

ಮೇಲೆ ಹೇಳಿದ ಎರಡು ಬಳಕೆಗಳಿಗೆ ಈ ನಿಯಮ ತಾಗುವುದಿಲ್ಲ: ಹೆನ್ಸ್ ಜೊತೆ ಬರೀ ನಾಮಪದ ಬಂದದ್ದು, ದಸ್ ಜೊತೆ ಐಎನ್‌ಜಿ ರೂಪ ಬಂದದ್ದು. ಅಲ್ಲಿ ಮುಂದಿರುವುದು ಪೂರ್ಣ ವಾಕ್ಯವೇ ಅಲ್ಲ, ಹಾಗಾಗಿ ಕಾಮಾ ಸಾಕು.

ವಾಕ್ಯದ ಮಧ್ಯದಲ್ಲೂ ದೇರ್‌ಫೋರ್ ಇಡಬಹುದು: 'ವಿ ಹ್ಯಾವ್ ದೇರ್‌ಫೋರ್ ಡಿಸೈಡೆಡ್ ಟು ವೇಟ್.' ಇಲ್ಲಿ ಸುತ್ತಮುತ್ತ ಕಾಮಾ ಬೇಕಿಲ್ಲ. ಪ್ರತಿ ವಾಕ್ಯದ ತಲೆಗೂ ಇದೇ ಪದ ಕಟ್ಟುವುದಕ್ಕಿಂತ ಹೀಗೆ ಒಳಗೆ ಇಡುವುದು ಎಷ್ಟೋ ವಾಸಿ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. 'ಐ ಥಿಂಕ್, ದೇರ್‌ಫೋರ್ ಐ ಆಮ್' ಅಂತ ಎಲ್ಲೆಡೆ ಇದೆಯಲ್ಲ, ಅದರಲ್ಲಿ ಬರೀ ಕಾಮಾ ಇದೆಯಲ್ಲ? ಹೌದು. ಅದು ರೆನೆ ಡೆಕಾರ್ಟ್ 1637ರಲ್ಲಿ ಫ್ರೆಂಚಿನಲ್ಲಿ ಬರೆದ ಮಾತಿನ ಇಂಗ್ಲಿಷ್ ರೂಪ. ಎರಡು ಕಡೆಯೂ ಎರಡೆರಡು ಪದ, ಸಮತೂಕ. ಇಂಥ ಪುಟ್ಟ ಜೋಡಿ ವಾಕ್ಯಗಳಲ್ಲಿ ಇಂಗ್ಲಿಷ್ ಕಾಮಾವನ್ನು ಸಹಿಸಿಕೊಳ್ಳುತ್ತದೆ. ಆ ಒಂದು ಸಾಲನ್ನು ಮುಂದಿಟ್ಟುಕೊಂಡು ಮೂವತ್ತು ಪದದ ವಾಕ್ಯದಲ್ಲಿ ಕಾಮಾ ಹಾಕಬೇಡಿ.

ಹಂತ 6: ಎರಡೆರಡು ಸಲ ಹೇಳಬೇಡಿ

ಕನ್ನಡದವರು ಇಂಗ್ಲಿಷ್ ಬರೆಯುವಾಗ ಜಾಸ್ತಿ ಮಾಡುವ ತಪ್ಪು ಇದೇ ಅಂತ ನನ್ನ ಅನಿಸಿಕೆ. ಈ ರಜೆ ಪತ್ರ ನೋಡಿ:

'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಹೆನ್ಸ್ ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್ ಫಾರ್ ಟೂ ಡೇಸ್.'

ಶುರುವಿನ 'ಆಸ್' ಅಂದರೇ 'ಜ್ವರ ಬಂದಿರುವುದರಿಂದ'. ಕಾರಣ ಅಲ್ಲೇ ಗೊತ್ತಾಯಿತು. ಮತ್ತೆ ಹೆನ್ಸ್ ಯಾಕೆ? ನಾವು ಮಾತಾಡುವಾಗ 'ಯಾಕಂದ್ರೆ ಜ್ವರ ಬಂದಿತ್ತು, ಅದಕ್ಕೇ ಬರಲಿಲ್ಲ' ಅಂತ ಎರಡೂ ಕಡೆ ಗುರುತು ಹಾಕುತ್ತೇವೆ. ಕನ್ನಡದಲ್ಲಿ ಅದು ಯಾರಿಗೂ ಚುಚ್ಚುವುದಿಲ್ಲ. ಇಂಗ್ಲಿಷ್ ಬರವಣಿಗೆಯಲ್ಲಿ ಒಂದು ಕಡೆ ಮಾತ್ರ.

ಬಿಕಾಸ್, ಸಿನ್ಸ್, ಆಸ್ ಇವುಗಳಲ್ಲಿ ಯಾವುದಾದರೂ ಕಾರಣದ ಭಾಗದಲ್ಲಿ ಇದ್ದರೆ, ತೀರ್ಮಾನದ ಭಾಗದಲ್ಲಿ ಸೋ, ಹೆನ್ಸ್, ದೇರ್‌ಫೋರ್ ಬೇಡ. ಮೇಲಿನ ಸಾಲನ್ನು 'ಆಸ್ ಐ ಹ್ಯಾವ್ ಎ ಫೀವರ್, ಐ ರಿಕ್ವೆಸ್ಟ್ ಲೀವ್ ಫಾರ್ ಟೂ ಡೇಸ್' ಅನ್ನಬಹುದು. ಇಲ್ಲವೇ 'ಐ ಹ್ಯಾವ್ ಎ ಫೀವರ್, ಸೋ ಐ ರಿಕ್ವೆಸ್ಟ್ ಲೀವ್ ಫಾರ್ ಟೂ ಡೇಸ್' ಅನ್ನಬಹುದು. ಎರಡೂ ಸರಿ, ಎರಡೂ ಚಿಕ್ಕವು.

ಇದರ ಇನ್ನೊಂದು ರೂಪ: 'ಬಿಕಾಸ್ ದ ಸರ್ವರ್ ವಾಸ್ ಡೌನ್. ಹೆನ್ಸ್ ವಿ ಕುಡ್ ನಾಟ್ ಸಬ್ಮಿಟ್ ದ ಫಾರ್ಮ್.' ಇಲ್ಲಿ ಬಿಕಾಸ್ ಭಾಗಕ್ಕೆ ಫುಲ್‌ಸ್ಟಾಪ್ ಇಟ್ಟುಬಿಟ್ಟಿದ್ದಾರೆ. 'ಸರ್ವರ್ ಡೌನ್ ಆಗಿದ್ದರಿಂದ.' ಅಂತ ಹೇಳಿ ಬಾಯಿ ಮುಚ್ಚಿದ ಹಾಗೆ. ಫುಲ್‌ಸ್ಟಾಪನ್ನು ಕಾಮಾ ಮಾಡಿ, ಹೆನ್ಸ್ ತೆಗೆಯಿರಿ.

'ಸೋ ದೇರ್‌ಫೋರ್', 'ಹೆನ್ಸ್ ದೇರ್‌ಫೋರ್' ಅಂತ ಒಟ್ಟಿಗೆ ಬರೆದಿದ್ದರೆ ಒಂದನ್ನು ಈಗಲೇ ಹೊಡೆದು ಹಾಕಿ.

ಹಂತ 7: ಸಾಲುಗಟ್ಟಿ ನಿಂತ ಹೆನ್ಸ್‌ಗಳನ್ನು ಕಡಿಮೆ ಮಾಡಿ

ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಕಾಣುವಂಥ ಒಂದು ಪ್ಯಾರಾ: 'ದ ಡೇಟಾಸೆಟ್ ವಾಸ್ ಸ್ಮಾಲ್. ಹೆನ್ಸ್ ದ ಮಾಡೆಲ್ ಓವರ್‌ಫಿಟೆಡ್. ಹೆನ್ಸ್ ದ ಟೆಸ್ಟ್ ಅಕ್ಯುರಸಿ ವಾಸ್ ಲೋ. ಹೆನ್ಸ್ ವಿ ಆಡೆಡ್ ಮೋರ್ ಇಮೇಜಸ್.' ಓವರ್‌ಫಿಟ್ ಅಂದರೆ ಮಾಡೆಲ್ ತಾನು ಕಲಿತ ಚಿತ್ರಗಳಿಗೆ ಮಾತ್ರ ಒಗ್ಗಿಹೋಗಿ, ಹೊಸ ಚಿತ್ರ ಕೊಟ್ಟಾಗ ತಪ್ಪುವುದು.

ತರ್ಕದಲ್ಲಿ ತಪ್ಪೇನಿಲ್ಲ. ಆದರೆ ಮೂರು ಹೆನ್ಸ್‌ಗಳಲ್ಲಿ ಯಾವುದು ಮುಖ್ಯ ಅಂತ ಗೊತ್ತಾಗುವುದಿಲ್ಲ. ಮೊದಲ ಎರಡು ಪರಿಣಾಮಗಳು, ತಾವಾಗಿಯೇ ಆದವು. ಮೂರನೆಯದು ನೀವು ತೆಗೆದುಕೊಂಡ ನಿರ್ಧಾರ. ಎದ್ದು ಕಾಣಬೇಕಾದದ್ದು ಅದು. ಹೀಗೆ ಬರೆದು ನೋಡಿ: 'ಬಿಕಾಸ್ ದ ಡೇಟಾಸೆಟ್ ವಾಸ್ ಸ್ಮಾಲ್, ದ ಮಾಡೆಲ್ ಓವರ್‌ಫಿಟೆಡ್, ಅಂಡ್ ಟೆಸ್ಟ್ ಅಕ್ಯುರಸಿ ವಾಸ್ ಲೋ. ವಿ ದೇರ್‌ಫೋರ್ ಆಡೆಡ್ ಮೋರ್ ಇಮೇಜಸ್.' ತೀರ್ಮಾನದ ಪದ ಒಂದೇ ಉಳಿಯಿತು, ಅದೂ ಸರಿಯಾದ ಜಾಗದಲ್ಲಿ.

ಗಣಿತದವರಿಗೆ ಒಂದು ಮಾತು. ಲೆಕ್ಕದ ಕೊನೆಯ 'ಹೆನ್ಸ್ ಪ್ರೂವ್ಡ್' ನಮ್ಮ ಶಾಲೆ ಕಾಲೇಜುಗಳ ಪದ್ಧತಿ, ಪರೀಕ್ಷೆಯಲ್ಲಿ ಬರೆಯಿರಿ. ಸಂಶೋಧನಾ ಲೇಖನಕ್ಕೆ 'ದಿಸ್ ಕಂಪ್ಲೀಟ್ಸ್ ದ ಪ್ರೂಫ್' ಅನ್ನೋ ಪೂರ್ಣ ವಾಕ್ಯ ಹೆಚ್ಚು ಒಪ್ಪುತ್ತದೆ.

ಹಂತ 8: ಕಳಿಸುವ ಮೊದಲು ಒಮ್ಮೆ ಹುಡುಕಿ ನೋಡಿ

ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ, ಈ ಪದಗಳನ್ನು ಒಂದೊಂದಾಗಿ ಹುಡುಕಿ. ಸಿಕ್ಕ ಕಡೆಯೆಲ್ಲ ಪದವನ್ನು ಬೆರಳಿಂದ ಮುಚ್ಚಿ ಓದಿ. ಅದಿಲ್ಲದೆಯೂ ಅರ್ಥ ಪೂರ್ತಿ ಬಂದರೆ ತೆಗೆಯಿರಿ. ಬರದಿದ್ದರೆ ಇಟ್ಟುಕೊಂಡು, ಹಿಂದಿನ ಚಿಹ್ನೆ ಕಾಮಾನೋ ಸೆಮಿಕೋಲನ್ನೋ ಅಂತ ನೋಡಿ. ಅದೇ ವಾಕ್ಯದಲ್ಲಿ ಬಿಕಾಸ್, ಸಿನ್ಸ್, ಆಸ್ ಅಡಗಿದೆಯೇ ಅಂತಲೂ ನೋಡಿ.

ವ್ಯಾಕರಣ ತಿದ್ದುವ ಸಾಫ್ಟ್‌ವೇರ್ ಕಾಮಾ ತಪ್ಪುಗಳನ್ನು ಎಷ್ಟೋ ಸಲ ಹಿಡಿದುಕೊಡುತ್ತದೆ. ಲೈಬ್ರರಿಗೂ 1985ಕ್ಕೂ ಸಂಬಂಧ ಇದೆಯೇ ಅಂತ ನೋಡುವ ಕೆಲಸವನ್ನು ಮಾತ್ರ ಅದಕ್ಕೆ ಬಿಡಬೇಡಿ, ಅದು ನಿಮ್ಮದೇ.

'ಸೋ' ಹುಡುಕುವಾಗ ಒಂದು ಕಿರಿಕಿರಿ ಇದೆ. ಆಲ್ಸೋ, ಸಮ್, ಪರ್ಸನ್, ರೀಸನ್ ಇವೆಲ್ಲದರ ಸ್ಪೆಲಿಂಗಿನಲ್ಲೂ ಆ ಎರಡು ಅಕ್ಷರ ಇರುವುದರಿಂದ ಪುಟವಿಡೀ ಹಳದಿಯಾಗುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಾದರೆ ಹುಡುಕುವ ಪೆಟ್ಟಿಗೆಯ ಪಕ್ಕದ ಬಾಣದ ಗುರುತು ಒತ್ತಿ, ಆಪ್ಷನ್ಸ್‌ಗೆ ಹೋಗಿ, 'ಫೈಂಡ್ ಹೋಲ್ ವರ್ಡ್ಸ್ ಓನ್ಲಿ' ಅನ್ನೋದಕ್ಕೆ ಟಿಕ್ ಹಾಕಿ. ಆಗ ಬಿಡಿ ಪದವಾಗಿ ಬಂದ 'ಸೋ'ಗಳು ಮಾತ್ರ ಸಿಗುತ್ತವೆ.